ಸುರಂಗದೊಳಗಿನ ಕಣ್ಣು

“ಬುದ್ಧಿ, ಜೊತೆಯಲ್ಲಿರುವವನ ಮೇಲೆ ಅನುಮಾನ ಬಂದರೆ ಏನು ಮಾಡಬೇಕು?”

ಕೇಳಿದವನು ಮುರಿಗೇಶ. ಮಠದ ಶಿಷ್ಯರಲ್ಲಿ ಚುರುಕಾದವನು. ಆ ವರ್ಷ ಒಬ್ಬನನ್ನು ಹೆಚ್ಚಿನ ಓದಿಗೆಂದು ಕಾಶಿಗೆ ಕಳಿಸುವ ಮಾತಾಗಿತ್ತು. ಒಬ್ಬನನ್ನು ಮಾತ್ರ. ಎರಡು ಹೆಸರು ಕೇಳಿಬರುತ್ತಿದ್ದವು. ಮುರಿಗೇಶನದು ಒಂದು, ಅವನ ಕೋಣೆಯಲ್ಲೇ ಮಲಗುವ ಕೊಟ್ರೇಶನದು ಇನ್ನೊಂದು.

ಸ್ವಾಮಿಗಳು ಬೆಳಗಿನ ಪೂಜೆ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದರು. “ಯಾರ ಮೇಲಪ್ಪಾ?” ಎಂದರು.

“ಕೊಟ್ರೇಶನ ಮೇಲೆ. ಊರ ಹಿರಿಯರ ಮುಂದೆ ನನ್ನ ಹೆಸರಿಗೆ ಮಸಿ ಬಳಿಯುತ್ತಿದ್ದಾನೆ ಅನ್ನಿಸುತ್ತದೆ. ನಾನು ಬಂದರೆ ಮಾತು ನಿಲ್ಲಿಸುತ್ತಾನೆ. ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ನಡೆಯುವಾಗ ಹಿಂದೆ ತಿರುಗಿ ತಿರುಗಿ ನೋಡುತ್ತಾನೆ. ಒಮ್ಮೆ ಗೌಡರ ಜೊತೆ ಮಾತಾಡುತ್ತಿದ್ದವನು ನನ್ನನ್ನು ಕಂಡು ನಕ್ಕ. ದಾಸೋಹದ ಗಂಗಣ್ಣನಿಗೆ ಅವನ ಮೇಲೊಂದು ಕಣ್ಣಿಟ್ಟಿರು ಎಂದು ಹೇಳಿದ್ದೇನೆ. ಗಂಗಣ್ಣನೂ ಇದನ್ನೆಲ್ಲ ನೋಡಿದ್ದಾನೆ. ಕೊಟ್ರೇಶನನ್ನು ಬೇರೆ ಮಠಕ್ಕೆ ಕಳಿಸಿಬಿಡಿ ಬುದ್ಧಿ.”

ಸ್ವಾಮಿಗಳು ಪೂರ್ವಾಶ್ರಮದಲ್ಲಿ ಕಾಲೇಜಿನ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದವರು. ಅವರ ದೃಷ್ಟಾಂತಗಳಲ್ಲಿ ರಾಜ, ಮಂತ್ರಿ, ನರಿ ಕಡಿಮೆ; ಮಸೂರ, ಲೋಲಕ ಹೆಚ್ಚು. ಸಿಡುಕಿನ ಸ್ವಭಾವ ಬೇರೆ.

“ಕಳಿಸೋಣ. ಒಂದು ಕತೆ ಕೇಳು, ಆಮೇಲೆ ಕಳಿಸೋಣ. ಕೂತುಕೋ. ಕಾಲು ಅಲ್ಲಾಡಿಸಬೇಡ,” ಎಂದು ಹೇಳತೊಡಗಿದರು.

*

ಒಂದು ಬಯಲು. ಅಲ್ಲಿ ಊರಿಲ್ಲ, ತೋಪಿಲ್ಲ, ರೈಲಿಲ್ಲ. ಬೇಕೆಂದೇ ಅಂಥ ಜಾಗ ಹುಡುಕಿದ್ದರು. ಅಲ್ಲಿ ಒಬ್ಬ ಯಂತ್ರಗಾರ್ತಿ ಇದ್ದಳು. ಆಕಾಶದ ನಡುಕವನ್ನು ಹಿಡಿಯುವ ಯಂತ್ರಕ್ಕೆ ನಕ್ಷೆ ಹಾಕಿದವಳು ಅವಳೇ.

ಆಕಾಶ ನಡುಗುತ್ತದೆಯೇ ಎಂದು ಕೇಳಬೇಡ. ನಡುಗುತ್ತದೆ. ಎಲ್ಲೋ ಬಹುದೂರದಲ್ಲಿ ಎರಡು ಸತ್ತ ನಕ್ಷತ್ರಗಳು ಒಂದನ್ನೊಂದು ಸುತ್ತಿ ಸುತ್ತಿ ಕೊನೆಗೊಮ್ಮೆ ಢಿಕ್ಕಿ ಹೊಡೆಯುತ್ತವೆ. ಆಗ ಜಾಗವೇ ಅಲೆಯಾಗಿ ಕಂಪಿಸುತ್ತದೆ, ಈಗ ನಾನೂ ನೀನೂ ಕುಳಿತಿದ್ದೇವಲ್ಲ, ಇದೇ ಜಾಗ. ಅದನ್ನು ಗುರುತ್ವದ ಅಲೆ ಎನ್ನುತ್ತಾರೆ. ಅದು ನಮ್ಮನ್ನು ಹಾದುಹೋಗುವಾಗ ಒಂದು ದಿಕ್ಕಿನ ಉದ್ದ ಹಿಗ್ಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನ ಉದ್ದ ಕುಗ್ಗುತ್ತದೆ. ಎಷ್ಟು ಎಂದರೆ, ಒಂದು ಪರಮಾಣುವಿನ ನಡುವಿರುವ ಬೀಜದ ಅಗಲವೂ ಅದರ ಮುಂದೆ ಬೆಟ್ಟ. ಅಷ್ಟು ಕಡಿಮೆ. ಅದನ್ನು ಅಳೆಯುತ್ತೇನೆ ಎಂದು ಹೊರಟಿದ್ದಳು ಈ ಹೆಣ್ಣುಮಗಳು. ಹಟ ಎಂದರೆ ಅದು.

ಅವಳು ಎರಡು ಉದ್ದನೆಯ ಸುರಂಗ ಹಾಕಿಸಿದಳು. ಒಂದು ಪೂರ್ವಕ್ಕೆ, ಒಂದು ಉತ್ತರಕ್ಕೆ. ಯಂತ್ರದ ಎರಡು ತೋಳುಗಳು ಅವು. ಎರಡೂ ಕೂಡುವ ಮೂಲೆಯಲ್ಲಿ ಒಂದೇ ಬೆಳಕನ್ನು ಎರಡಾಗಿ ಸೀಳಿ, ಒಂದೊಂದು ತೋಳಿಗೆ ಒಂದೊಂದನ್ನು ಬಿಟ್ಟಳು. ತೋಳಿನ ಕೊನೆಯಲ್ಲಿ ಕನ್ನಡಿ. ಬೆಳಕು ಹೋಗಿ ಕನ್ನಡಿಗೆ ತಾಗಿ ಹಿಂದಕ್ಕೆ ಬರುತ್ತದೆ. ಎರಡೂ ಬೆಳಕು ಮೂಲೆಯಲ್ಲಿ ಮತ್ತೆ ಕೂಡುತ್ತವೆ. ಬೆಳಕೂ ಅಲೆಯೇ; ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಕೂರುವಂತೆ ಅವಳು ಹೊಂದಿಸಿದ್ದಳು. ಆಗ ಬೆಳಕು ಬೆಳಕನ್ನು ಅಳಿಸುತ್ತದೆ. ಮೂಲೆಯಲ್ಲೊಂದು ಕಿಂಡಿ ಇತ್ತು. ಆ ಕಿಂಡಿಯಲ್ಲಿ ಕತ್ತಲು. ತೋಳುಗಳ ಉದ್ದ ಕೂದಲೆಳೆಯ ಕೋಟಿ ಕೋಟಿಯಲ್ಲೊಂದು ಪಾಲು ಆಚೀಚೆಯಾದರೂ ಹೊಂದಾಣಿಕೆ ಕೆಟ್ಟು ಕಿಂಡಿಯಲ್ಲಿ ಬೆಳಕು ಜಿನುಗುತ್ತದೆ. ಅವಳು ಕಾಯುತ್ತಿದ್ದುದು ಆ ಜಿನುಗಿಗೆ.

“ಕತ್ತಲನ್ನು ಯಾಕೆ ಕಾಯಬೇಕು ಬುದ್ಧಿ? ಬೆಳಕನ್ನೇ ನೋಡಬಹುದಲ್ಲ?” ಎಂದ ಮುರಿಗೇಶ.

“ಬಿಳಿ ಪಂಚೆಯ ಮೇಲೆ ಹಾಲು ಚೆಲ್ಲಿದರೆ ಕಾಣುತ್ತದೇನೋ? ಕರಿ ಕಂಬಳಿಯ ಮೇಲೆ ಚೆಲ್ಲು, ಒಂದೇ ತೊಟ್ಟಾದರೂ ಕಾಣುತ್ತದೆ. ನಡುವೆ ಬಾಯಿ ಹಾಕಬೇಡ.”

ಈಗ ತೊಂದರೆ ಏನು ಗೊತ್ತೇ? ಕಿಂಡಿಯಲ್ಲಿ ಬೆಳಕು ಬರಲು ಆಕಾಶವೇ ನಡುಗಬೇಕೆಂದಿಲ್ಲ. ದೂರದ ಹೆದ್ದಾರಿಯಲ್ಲಿ ಲಾರಿ ಹೋದರೆ ಸಾಕು. ಗಾಳಿ ಬೀಸಿದರೆ ಸಾಕು. ಎಲ್ಲೋ ಸಮುದ್ರ ದಡಕ್ಕೆ ಅಪ್ಪಳಿಸಿದರೂ ನೆಲ ನಡುಗಿ ಕನ್ನಡಿ ಅಲುಗುತ್ತದೆ. ಆದ್ದರಿಂದ ಆ ಕಸುಬಿನವರು ಎಲ್ಲವನ್ನೂ ಅನುಮಾನಿಸಬೇಕು. ಅನುಮಾನವೇ ಅವರ ಅನ್ನ. ಯಂತ್ರಗಾರ್ತಿ ಸುರಂಗದ ಗಾಳಿಯನ್ನೆಲ್ಲ ಹೊರಗೆ ಎಳೆಸಿದಳು. ಗೋಡೆಗೆ ತಾಗಿ ದಾರಿ ತಪ್ಪಿದ ಬೆಳಕು ಹಿಂದೆ ಬಂದು ಬೆರೆತೀತೆಂದು ಒಳಗೆಲ್ಲ ಕಪ್ಪು ಬಳಿಸಿದಳು. ಸುರಂಗದೊಳಗೆ ಹೊಳೆಯುವ ವಸ್ತು ಒಂದೂ ಇರಕೂಡದು, ಒಂದು ಮೊಳೆ ಇಡುವುದಿದ್ದರೂ ಎಲ್ಲರಿಗೂ ಹೇಳಿ ಇಡಬೇಕು. ಈ ಕಟ್ಟಳೆ ಅವಳೇ ಮಾಡಿದ್ದು. ಯಾರೋ ಒಮ್ಮೆ ಒಂದು ಹೊಳೆಯುವ ಸ್ಕ್ರೂ ಬಿಟ್ಟು ಬಂದಿದ್ದಕ್ಕೆ ಮೂರು ದಿನ ಅವರ ಮುಖ ನೋಡಿರಲಿಲ್ಲ.

ಕನ್ನಡಿಗಳನ್ನು ತೂಗುಹಾಕುವವನು ಬೇರೊಬ್ಬನಿದ್ದ. ಅವನನ್ನು ಕನ್ನಡಿಯವನು ಎನ್ನೋಣ. ಕನ್ನಡಿ ನೆಲಕ್ಕೆ ತಾಗಿದರೆ ನೆಲದ ನಡುಕವೆಲ್ಲ ಅದಕ್ಕೆ ಹತ್ತುತ್ತದೆ. ಅದಕ್ಕೇ ಅದು ತೂಗಬೇಕು, ತೂಗುವುದರಿಂದ ಇನ್ನೊಂದು ತೂಗಬೇಕು, ತೊಟ್ಟಿಲ ಕೆಳಗೆ ತೊಟ್ಟಿಲು ಕಟ್ಟಿದ ಹಾಗೆ. ಕೊನೆಯ ದಾರ ಗಾಜಿನದು. ಗಾಜನ್ನು ಉರಿಯಲ್ಲಿ ಕಾಯಿಸಿ, ಕೂದಲಿನಂತೆ ಎಳೆದು, ಬೆರಳು ಸೋಕದಂತೆ ಕಟ್ಟಬೇಕು. ಬೆರಳು ಸೋಕಿತೋ, ಆ ದಾರ ಇವತ್ತಲ್ಲ ನಾಳೆ ಹರಿಯುತ್ತದೆ. ಕನ್ನಡಿಯವನು ಕಟ್ಟುವಾಗ ಉಸಿರು ಬಿಗಿಹಿಡಿಯುತ್ತಿದ್ದ. ಅವನ ಎದುರು ಕುಳಿತು ಯಂತ್ರಗಾರ್ತಿಯೂ ಬಿಗಿಹಿಡಿಯುತ್ತಿದ್ದಳು. ಗಂಟು ಕೂತ ಮೇಲೆ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಅವನು ಅವಳನ್ನು ಅಕ್ಕಾ ಎನ್ನುತ್ತಿದ್ದ. ಬುತ್ತಿ ಯಾರದ್ದಾದರೂ ಊಟ ಇಬ್ಬರದೂ.

ಇನ್ನೊಬ್ಬರು ಆ ಕೆಲಸಕ್ಕೆಲ್ಲ ಹಿರಿಯರು. ಅವರದೊಂದು ವಿಚಿತ್ರ ಪದ್ಧತಿ ಇತ್ತು. ಆಗೊಮ್ಮೆ ಈಗೊಮ್ಮೆ, ಯಾರಿಗೂ ಹೇಳದೆ, ಒಂದು ಕನ್ನಡಿಯನ್ನು ಅವರೇ ಸುರಂಗದ ಹೊರಗಿನಿಂದ ಮೆಲ್ಲಗೆ ನೂಕಿಸುತ್ತಿದ್ದರು. ನಿಜವಾದ ಅಲೆ ಬಂದಂತೆಯೇ ಕಿಂಡಿಯಲ್ಲಿ ಬೆಳಕು ಜಿನುಗುತ್ತಿತ್ತು. ಕಾಯುವವರು ಎಚ್ಚರವಾಗಿದ್ದಾರೋ ತೂಕಡಿಸುತ್ತಿದ್ದಾರೋ ನೋಡಲು ಆ ಪರೀಕ್ಷೆ. ಅದನ್ನು ಕಳ್ಳನೂಕು ಎನ್ನುತ್ತಿದ್ದರು. ನೂಕಿದ್ದು ಹೌದೋ ಅಲ್ಲವೋ ಎಂದು ಯಾರು ಕೇಳಿದರೂ ಸಮಯ ಬರುವ ತನಕ ಹಿರಿಯರು ಹೇಳುವಂತಿಲ್ಲ. ಎಲ್ಲರೂ ಒಪ್ಪಿದ ಕರಾರು.

ಮೊದಲ ಸಲ ಕಿಂಡಿಯಲ್ಲಿ ಬೆಳಕು ಬಂದಾಗ ಯಂತ್ರಗಾರ್ತಿಗೆ ಹುಚ್ಚೇ ಹಿಡಿಯಿತು. ಅತ್ತಳು. ನಕ್ಕಳು. ಊರಿನಲ್ಲಿದ್ದ ತಾಯಿಗೆ ಫೋನ್ ಮಾಡಿ, ಅವ್ವಾ ಸಿಕ್ಕಿತು ಎಂದಳು. ಎಲ್ಲರ ಬಾಯಿಗೂ ಪೇಡೆ ಇಟ್ಟಳು. ಆಮೇಲೆ ಹಿರಿಯರು ಬಂದು, ತಂಗಿ, ಅದು ನಾನು ನೂಕಿಸಿದ್ದು ಎಂದರು.

ಅವಮಾನಕ್ಕೆ ಅವಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಪೇಡೆ ತಿಂದವರೆಲ್ಲ ಕಣ್ಣು ತಪ್ಪಿಸಿದರು. ಅಷ್ಟರಲ್ಲಿ ಅವಳಿಗೆ ಒಂದು ನೆನಪು ಚುಚ್ಚಿತು. ತಾನು ಪೇಡೆ ಹಂಚುವಾಗ ಕನ್ನಡಿಯವನು ಬಾಗಿಲಿಗೆ ಒರಗಿ ನಗುತ್ತಿದ್ದ. ಹಿರಿಯರು ಬಾಯಿ ಬಿಡುವುದಕ್ಕೆ ಮೊದಲೇ ನಗುತ್ತಿದ್ದ. ಅಂದರೆ ಇವನಿಗೆ ಮೊದಲೇ ಗೊತ್ತಿತ್ತು. ಅಂದರೆ ಹಿರಿಯರು ನೂಕಿಸಿದ್ದು ಇವನ ಕೈಯಿಂದಲೇ. ನಾನು ಕುಣಿಯುವುದನ್ನು ನಿಂತು ನೋಡಿದ.

ಅನುಮಾನ ಮನೆಗೆ ಬಂದ ನೆಂಟನಲ್ಲಪ್ಪಾ, ಉಂಡು ಎದ್ದು ಹೋಗಲು. ಅದು ಒಲೆಯ ಪಕ್ಕದಲ್ಲೇ ಹಾಸಿಗೆ ಹಾಸಿಕೊಳ್ಳುತ್ತದೆ. ಅಂದಿನಿಂದ ಅವಳು ಬುತ್ತಿಯನ್ನು ತನ್ನ ಮೇಜಿನಲ್ಲೇ ಬಿಚ್ಚಿದಳು. ಅವನು ಎರಡು ದಿನ, ಅಕ್ಕಾ ಊಟಕ್ಕೆ ಬಾ ಎಂದು ಕರೆದ. ಮೂರನೆಯ ದಿನ ಕರೆಯಲಿಲ್ಲ. ನೋಡಿದೆಯಾ, ಈಗ ಕರೆಯುವುದನ್ನೂ ಬಿಟ್ಟ ಎಂದುಕೊಂಡಳು.

ಸುರಂಗವನ್ನು ಶುಚಿಗೆಂದು ತೆರೆಯುವ ದಿನ ಬಂತು. ಉತ್ತರದ ತೋಳಿನ ಕನ್ನಡಿಯನ್ನು ನೋಡಿಕೊಳ್ಳುವವನು ಕನ್ನಡಿಯವನು. ಅವನು ಅಲ್ಲಿಂದ ಆಚೆ ಹೋದಾಗ ಅವಳು ಆ ಕನ್ನಡಿಯ ಹತ್ತಿರ, ಸುರಂಗದ ಗೋಡೆಗೆ, ಒಂದು ಸಣ್ಣ ಕ್ಯಾಮೆರಾ ಕಣ್ಣನ್ನು ಕೂರಿಸಿದಳು. ಮುಂದಿನ ಸಲ ನೂಕುವಾಗ ಇವನ ಕೈವಾಡ ಇದರಲ್ಲಿ ಸಿಕ್ಕಿಬೀಳಲಿ ಎಂದು. ಯಾರಿಗೂ ಹೇಳಲಿಲ್ಲ. ಕಸುಬು ಮರೆಯದೆ ಅದರ ಮೈಗೆಲ್ಲ ಕಪ್ಪು ಬಳಿದಳು. ಕಣ್ಣಿನ ಗಾಜಿಗೆ ಮಾತ್ರ ಬಳಿಯಲಿಲ್ಲ. ಅದಕ್ಕೂ ಬಳಿದರೆ ಅದು ನೋಡುವುದಾದರೂ ಹೇಗೆ? ಸುರಂಗ ಮುಚ್ಚಿ, ಗಾಳಿ ಎಳೆದು, ಬೆಳಕು ಬಿಟ್ಟರು.

ಕಿಂಡಿ ಮಿನುಗತೊಡಗಿತು.

ದಿನವೂ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅವಳು ಹೊತ್ತು ನೋಡಿದಳು. ಬೆಳಿಗ್ಗೆ ಕನ್ನಡಿಯವನನ್ನು ಉತ್ತರದ ಕೊನೆಗೆ ಇಳಿಸಲು ಜೀಪು ಬರುವ ಹೊತ್ತು. ಸಂಜೆ ಅವನನ್ನು ಕರೆದೊಯ್ಯುವ ಹೊತ್ತು. ಜೀಪಿನ ನಡುಕವಿರಬಹುದೇ? ಛೆ, ಅದೇ ಜೀಪು ಅದೇ ದಾರಿಯಲ್ಲಿ ವರ್ಷಗಳಿಂದ ಬರುತ್ತಿದೆ, ಕನ್ನಡಿ ತೂಗುತ್ತಿರುವುದರಿಂದ ಕಿಂಡಿ ಒಮ್ಮೆಯೂ ಮಿನುಗಿಲ್ಲ. ಜೀಪಲ್ಲ ಎಂದ ಮೇಲೆ ಜೀಪಿನಿಂದ ಇಳಿಯುವವನು. ಲೆಕ್ಕ ಸರಿಯಾಗಿ ಕೂತಿತು.

ಅವಳು ಕ್ಯಾಮೆರಾ ತೋರಿಸಿದ್ದನ್ನು ನೋಡಿದಳು. ಕನ್ನಡಿ ಇತ್ತು, ಗಾಜಿನ ದಾರ ಇತ್ತು. ಕನ್ನಡಿ ತೂಗುಹಾಕಿದ ಕಡೆಯೇ ನಿಶ್ಚಲವಾಗಿತ್ತು. ಅದನ್ನು ಯಾರೂ ನೂಕಿರಲಿಲ್ಲ. ನಿನಗಾಗಲಿ ನನಗಾಗಲಿ, ಇವನು ಕಳ್ಳನಲ್ಲ ಅನ್ನಿಸುತ್ತಿತ್ತು. ಅವಳಿಗೆ ಅನ್ನಿಸಿದ್ದು, ಎಂಥ ಪಾಕಡಾ ಇವನು, ಕಣ್ಣಿಟ್ಟದ್ದೂ ಇವನಿಗೆ ಗೊತ್ತಾಗಿದೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಏನೂ ಕಾಣದಿದ್ದರೂ ಅದಕ್ಕೆ ಹಳದಿಯೇ.

ಹಿರಿಯರ ಬಳಿ ಹೋಗಿ, ನೀವು ಮತ್ತೆ ನೂಕಿಸುತ್ತಿದ್ದೀರಾ ಎಂದು ಕೇಳಿದಳು. ಕರಾರು ನಿನಗೂ ಗೊತ್ತಲ್ಲ ತಂಗಿ, ನಾನು ಹೇಳುವಂತಿಲ್ಲ ಎಂದರು ಅವರು. ಆ ಮೌನವನ್ನೂ ಅವಳು ಕನ್ನಡಿಯವನ ಖಾತೆಗೇ ಬರೆದಳು. ಇಬ್ಬರೂ ಸೇರಿ ಎರಡನೆಯ ಸಲ ನನ್ನ ಕೈಯಲ್ಲಿ ಪೇಡೆ ಹಂಚಿಸುತ್ತಾರೆ ಎಂದುಕೊಂಡಳು. ನಿದ್ದೆ ಬಿಟ್ಟಳು. ಅವನು ಕೆಮ್ಮಿದರೆ ಯಾಕೆ ಕೆಮ್ಮಿದ, ಬಾಗಿಲು ಮೆಲ್ಲಗೆ ಮುಚ್ಚಿದರೆ ಯಾಕೆ ಮೆಲ್ಲಗೆ ಮುಚ್ಚಿದ. ತನ್ನ ಬೆನ್ನ ಹಿಂದೆ ಅವಳು ಬಂದು ನಿಲ್ಲುವುದು ಅವನಿಗೂ ತಿಳಿಯಿತು. ಅವನ ಕೈ ಮೊದಲ ಸಲ ನಡುಗಿತು, ಹೊಸದಾಗಿ ಎಳೆಯುತ್ತಿದ್ದ ಒಂದು ಗಾಜಿನ ದಾರ ಹರಿಯಿತು. ತಪ್ಪಿಲ್ಲದವನಿಗೆ ಕೈ ಯಾಕೆ ನಡುಗಬೇಕು ಎಂದು ಅವಳು ಎಲ್ಲರ ಮುಂದೆ ಕೇಳಿದಳು.

ಕೊನೆಗೆ ಒಂದು ಬೆಳಿಗ್ಗೆ ಅವಳು ಹಿರಿಯರ ಮುಂದೆ ಹೋಗಿ ನಿಂತಳು. “ಇಲ್ಲಿ ಅವನಿರಬೇಕು, ಇಲ್ಲ ನಾನಿರಬೇಕು. ಉತ್ತರದ ಕನ್ನಡಿಗೆ ಅವನು ಏನೋ ಮಾಡಿಟ್ಟಿದ್ದಾನೆ. ಸುರಂಗ ತೆರೆಸಿ, ನಿಮ್ಮ ಕಣ್ಣಿಗೇ ತೋರಿಸುತ್ತೇನೆ.”

ಹಿರಿಯರು ಕರಾರು ಮುರಿದರು. “ಹಾಗಾದರೆ ಇಷ್ಟು ಹೇಳುತ್ತೇನೆ ಕೇಳು. ಈ ಸಲ ನಾನು ಯಾವುದನ್ನೂ ನೂಕಿಸಿಲ್ಲ. ಒಮ್ಮೆ ಗಾಳಿ ಒಳಗೆ ಹೋದರೆ ಅದನ್ನು ಎಳೆದು ಮತ್ತೆ ಕತ್ತಲು ಮಾಡಲು ವಾರಗಟ್ಟಲೆ ಬೇಕು. ಅಷ್ಟು ದಿನ ಯಂತ್ರ ಕುರುಡು. ಆಗಬಹುದೇ?”

“ಆಗಲಿ,” ಎಂದಳು ಅವಳು. ನೂಕಿಸಿಲ್ಲ ಎಂಬ ಮಾತನ್ನೂ ಅವಳು ನಂಬಿರಲಿಲ್ಲ.

ಬೆಳಕು ಆರಿಸಿದರು. ಸುರಂಗ ತೆರೆದರು. ಮೂವರೂ ಉತ್ತರದ ಕೊನೆಗೆ ಹೋಗಿ ನಿಂತರು. ಕನ್ನಡಿಯವನು ಕೈಕಟ್ಟಿ ಒಂದು ಪಕ್ಕಕ್ಕೆ ನಿಂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. ಹಿರಿಯರು ಟಾರ್ಚು ಹಿಡಿದು ಕನ್ನಡಿಯ ಸುತ್ತ ನೋಡಿದರು. ದಾರ ನೋಡಿದರು. ಗಂಟು ನೋಡಿದರು. ಎಲ್ಲ ಇರಬೇಕಾದಂತೆಯೇ ಇತ್ತು. ಟಾರ್ಚಿನ ಬೆಳಕು ಗೋಡೆಯ ಮೇಲೆ ಸರಿಯಿತು. ಒಂದು ಕಡೆ ತಟ್ಟನೆ ತಿರುಗಿ ಬಂದು ಕನ್ನಡಿಯ ಮೇಲೆ ಕೂತಿತು, ಸಣ್ಣ ಬಿಳಿ ಚುಕ್ಕೆಯಾಗಿ.

“ಇದೇನು ಇಲ್ಲಿ?” ಎಂದರು ಹಿರಿಯರು.

ಹೊರಗೆ ಡ್ರೈವರ್ ಜೀಪು ಚಾಲೂ ಮಾಡಿದ. ಗಾಜಿನ ದಾರದಲ್ಲಿ ತೂಗುತ್ತಿದ್ದ ಕನ್ನಡಿ ಮಿಸುಕಲಿಲ್ಲ. ಗೋಡೆ ಮಾತ್ರ ಸ್ವಲ್ಪ ನಡುಗಿತು, ಗೋಡೆಯ ಜೊತೆ ಆ ಕಣ್ಣು ನಡುಗಿತು, ಕನ್ನಡಿಯ ಮೇಲೆ ಆ ಚುಕ್ಕೆ ನಡುಗಿತು.

ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ವಿದ್ಯೆ ಅವಳದೇ. ದಾರಿ ತಪ್ಪಿದ ಒಂದಿಷ್ಟು ಬೆಳಕು ಆ ಕಣ್ಣಿನ ಗಾಜಿಗೆ ತಾಗಿ ಹಿಂದೆ ಬಂದು ಬೆರೆಯುತ್ತಿತ್ತು. ಜೀಪು ಬಂದಾಗಲೆಲ್ಲ ಗೋಡೆ ಅದನ್ನು ಅಲುಗಿಸುತ್ತಿತ್ತು. ಕಿಂಡಿಯಲ್ಲಿ ಅವಳು ದಿನವೂ ಕಂಡದ್ದು ಅದನ್ನೇ. ಹಿರಿಯರ ಕಡೆ ತಿರುಗಿ, “ಅದು ನಾನೇ ಇಟ್ಟದ್ದು. ಇವನನ್ನು ಕಾಯಲು,” ಎಂದಳು.

ಕನ್ನಡಿಯವನು ಆ ಕಣ್ಣನ್ನು ನೋಡಿದ. ಅವಳನ್ನು ನೋಡಿದ. “ಅಕ್ಕಾ, ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಅವತ್ತು ನನಗೂ ಏನೂ ಗೊತ್ತಿರಲಿಲ್ಲ. ನೀನು ತಾಯಿಗೆ ಫೋನ್ ಮಾಡಿ ಅಳುತ್ತಿದ್ದೆಯಲ್ಲ, ಆ ಖುಷಿ ನೋಡಿ ನಕ್ಕೆ,” ಎಂದ.

ಅವಳು ಅವನ ಕೈ ಹಿಡಿಯಲು ಹೋದಳು. ಅವನು ಕೈ ಹಿಂದಕ್ಕೆ ಎಳೆದುಕೊಂಡ. ಆ ಕೈಯನ್ನು ಅವಳೇ ನಡುಗಿಸಿದ್ದಳಲ್ಲ. ಅವನು ಗಾಜಿನ ದಾರ ಎಳೆಯುವ ತನ್ನ ಸಾಮಾನನ್ನು ಚೀಲಕ್ಕೆ ತುಂಬಿಕೊಂಡು ಅದೇ ಜೀಪು ಹತ್ತಿದ.

ಸಂಜೆ ದೂರದ ಬೆಟ್ಟದ ಮೇಲಿನ ದೂರದರ್ಶಕದವರು ಹಿರಿಯರಿಗೆ ಫೋನ್ ಮಾಡಿದರು. ಈ ಬೆಳಿಗ್ಗೆ ಎರಡು ಸತ್ತ ನಕ್ಷತ್ರಗಳು ಢಿಕ್ಕಿ ಹೊಡೆದ ಗುರುತು ಸಿಕ್ಕಿದೆ, ಅಲ್ಲೊಂದು ಹೊಸ ಬೆಳಕು ಎದ್ದಿದೆ, ಇಷ್ಟು ಹತ್ತಿರ ಇಂಥದ್ದು ನಮ್ಮ ಕಾಲದಲ್ಲಿ ಆಗಿಲ್ಲ, ಅಲೆ ನಿಮ್ಮನ್ನು ಖಂಡಿತ ಹಾದುಹೋಗಿರಬೇಕು, ಕಿಂಡಿಯಲ್ಲಿ ಏನು ಕಂಡಿತು ಎಂದು ಕೇಳಿದರು. ಅದು ಎಷ್ಟು ಹೊತ್ತಿಗೆ ಎಂದು ಹಿರಿಯರು ಕೇಳಿ ತಿಳಿದುಕೊಂಡರು. ಮೂವರೂ ಟಾರ್ಚು ಹಿಡಿದು ಸುರಂಗದಲ್ಲಿ ನಿಂತಿದ್ದ ಹೊತ್ತು ಅದು. ಅಲೆ ಅವರ ಮೈಯೊಳಗೇ ಹಾದುಹೋಗಿತ್ತು. ಅವಳು ಆಯುಸ್ಸೆಲ್ಲ ಕಾದದ್ದು ಅದಕ್ಕೇ.

ಹಿರಿಯರು ಫೋನ್ ಇಟ್ಟು ಅವಳಿಗೆ ಅದನ್ನು ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

*

ಸ್ವಾಮಿಗಳು ಶಲ್ಯ ಸರಿಮಾಡಿಕೊಂಡರು.

“ಕನ್ನಡಿಯವನು ಮತ್ತೆ ಬಂದನೇ ಬುದ್ಧಿ?”

“ನನಗೆ ಗೊತ್ತಿಲ್ಲ.”

“ಅವಳು ಮಾಡಿದ್ದು ತಪ್ಪು. ಒಪ್ಪಿದೆ,” ಎಂದ ಮುರಿಗೇಶ. ಆದರೂ ಅವನ ಒಳಗು ತಣ್ಣಗಾಗಿರಲಿಲ್ಲ. “ಕೊಟ್ರೇಶನ ವಿಷಯ ಹಾಗಲ್ಲ ಬುದ್ಧಿ. ಅವನು ಬೀಗ ಹಾಕುವುದು ಸುಳ್ಳಲ್ಲ. ಹಿಂದೆ ತಿರುಗಿ ನೋಡುವುದು ಸುಳ್ಳಲ್ಲ. ಗಂಗಣ್ಣನನ್ನು ಬೇಕಾದರೆ ಕೇಳಿ.”

“ಸುಳ್ಳೆಂದು ನಾನೆಲ್ಲಿ ಹೇಳಿದೆ? ಕಿಂಡಿಯ ಬೆಳಕೂ ಸುಳ್ಳಲ್ಲ,” ಎಂದು ಸ್ವಾಮಿಗಳು ಮೇಲೆದ್ದರು. ಪಾದುಕೆಗೆ ಕಾಲು ತೂರಿಸಿ, ಎರಡು ಹೆಜ್ಜೆ ಹೋಗಿ, ತಿರುಗಿ ನಿಂತರು.

“ಒಂದು ಹೇಳು ಮುರಿಗೇಶ, ಕೊಟ್ರೇಶ ಪೆಟ್ಟಿಗೆಗೆ ಬೀಗ ಹಾಕಿದ್ದು ಮೊದಲೋ, ನೀನು ಗಂಗಣ್ಣನಿಗೆ ಕಣ್ಣಿಡಲು ಹೇಳಿದ್ದು ಮೊದಲೋ?”

ಮುರಿಗೇಶ ಬೆರಳು ಮಡಚಿ ದಿನ ಎಣಿಸಿದ. ಗಂಗಣ್ಣನಿಗೆ ಹೇಳಿದ ದಿನವೇ ಮೊದಲು ಬಂತು.